ಬಂದೂಕಿನ ಕಾಲಿನ ನಾಯಕಿ

ರಾಬರ್ಟ್ ರೊಡ್ರಿಗೆಜ್ ನಿರ್ದೇಶನದ ‘ಪ್ಲಾನೆಟ್ ಟೆರರ್’ 2007ರ ಏಪ್ರಿಲ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ಜೊಂಬಿ ಚಿತ್ರ. ಬಂದಿದ್ದು ಜೋಡಿಯಾಗಿ. ಕ್ವೆಂಟಿನ್ ಟರಂಟಿನೊ ಅವರ ‘ಡೆತ್ ಪ್ರೂಫ್’ ಜೊತೆ ಸೇರಿಸಿ, ‘ಗ್ರೈಂಡ್‌ಹೌಸ್’ ಎಂಬ ಹೆಸರಿನಲ್ಲಿ, ಒಂದೇ ಟಿಕೆಟ್‌ಗೆ ಎರಡನ್ನೂ ಮೂರು ಗಂಟೆಗೂ ಮೀರಿ ತೋರಿಸಿದರು. 1970ರ ದಶಕದಲ್ಲಿ ನ್ಯೂಯಾರ್ಕಿನ 42ನೇ ಬೀದಿಯಂಥ ಕಡೆಗಳಲ್ಲಿ ಅಗ್ಗದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸುತ್ತಿದ್ದ ಟಾಕೀಸುಗಳಿಗೆ ಸಲ್ಲಿಸಿದ ಗೌರವ ಅದು.

ಕಥೆ ನಡೆಯುವುದು ಟೆಕ್ಸಾಸಿನಲ್ಲಿ. ಸೇನಾ ನೆಲೆಯೊಂದರಿಂದ ಸೋರಿದ ವಿಷಾನಿಲ ಸುತ್ತಲಿನ ಜನರ ಮೈಯಲ್ಲಿ ಕೀವುಗುಳ್ಳೆ ಎಬ್ಬಿಸಿ ಅವರನ್ನು ನರಭಕ್ಷಕರನ್ನಾಗಿ ಮಾಡುತ್ತದೆ. ನೃತ್ಯದ ಕೆಲಸ ಬಿಟ್ಟು ಹೊರಟ ಚೆರ್ರಿ ಡಾರ್ಲಿಂಗ್ ತನ್ನ ಹಳೆಯ ಪ್ರಿಯಕರ ಎಲ್ ರೇಯನ್ನು ಮತ್ತೆ ಕಾಣುತ್ತಾಳೆ. ಅದೇ ರಾತ್ರಿ ಜೊಂಬಿಗಳು ಅವಳ ಬಲಗಾಲನ್ನು ಕಿತ್ತೊಯ್ಯುತ್ತವೆ. ಎಲ್ ರೇ ಮೊದಲು ಒಂದು ಮೇಜಿನ ಕಾಲು ಮುರಿದು ಅವಳಿಗೆ ಜೋಡಿಸುತ್ತಾನೆ. ಆಮೇಲೆ ಅದರ ಜಾಗಕ್ಕೆ ಗ್ರೆನೇಡ್ ಹಾರಿಸುವ ಮೆಷಿನ್ ಗನ್ ಬರುತ್ತದೆ. ಕಾಲಿನ ತುದಿಯ ಬಂದೂಕಿನ ಕುದುರೆಯನ್ನು ಎಳೆಯುವುದು ಯಾವ ಬೆರಳು? ಚಿತ್ರ ಅದನ್ನು ವಿವರಿಸುವುದಿಲ್ಲ. ವಿವರಿಸದೆ ಬಿಟ್ಟಿದ್ದೇ ಸರಿ. ಚೆರ್ರಿಯ ಪಾತ್ರದ ನಟಿ ರೋಸ್ ಮೆಕ್‌ಗೋವನ್ ಕಾಲಿಗೆ ಕವಚ ಬಿಗಿದುಕೊಂಡು ನಟಿಸಿದರು, ಕಾಲನ್ನು ಅಳಿಸಿ ಬಂದೂಕು ಕೂಡಿಸುವ ಕೆಲಸ ಕಂಪ್ಯೂಟರಿನದು. ಆದರೂ ಪರದೆಯ ಮೇಲೆ ಅವಳ ನಡಿಗೆಯ ಕುಂಟು, ತೂಕ, ತಿರುಗುವ ಲಯ ಎಲ್ಲವೂ ಮನುಷ್ಯ ಶರೀರದ್ದೇ. ಅಸಾಧ್ಯವಾದ ಆ ಆಯುಧವನ್ನು ಕಣ್ಣು ಒಪ್ಪಿಕೊಳ್ಳುವುದು ಇದರಿಂದಲೇ.

ಇಂಥ ಅತಿರೇಕದ ಚಿತ್ರಗಳ ಸೆಳೆತವನ್ನು ರಕ್ತಪಾತದಲ್ಲಿ ಮಾತ್ರ ಹುಡುಕಿದರೆ ಸಿಗುವುದು ಅರ್ಧ. ಕೆಲಸಕ್ಕೆ ಬಾರದ್ದೆಂದು ಲೋಕ ತಳ್ಳಿದ್ದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಚೆರ್ರಿಗೆ ತನ್ನ ವಿದ್ಯೆಗಳೆಲ್ಲ ನಿರುಪಯೋಗಿ ಎಂಬ ಕೊರಗು. ಬೆನ್ನು ಹಿಂದಕ್ಕೆ ಬಾಗಿಸುವುದೂ ಅವುಗಳಲ್ಲೊಂದು. ಕೊನೆಯ ಕಾಳಗದಲ್ಲಿ ಎದುರಿನಿಂದ ನುಗ್ಗಿದ ರಾಕೆಟ್ ಅವಳ ಮೇಲಿಂದ ಹಾದುಹೋಗುವುದು ಆ ಬಾಗುವಿಕೆಯಿಂದ. ಕಾಲಿನಿಂದ ಗ್ರೆನೇಡ್ ಸಿಡಿಸಿ, ಅದರ ಒದೆತದಲ್ಲೇ ಗೋಡೆ ಹಾರುತ್ತಾಳೆ. ಚಿತ್ರದ ಇನ್ನೊಂದು ಪಾತ್ರವಾದ ಡಾಕ್ಟರ್ ಡಕೋಟಾಳ ಸ್ಥಿತಿ ಇದಕ್ಕೂ ಸೂಕ್ಷ್ಮ. ಅರಿವಳಿಕೆ ಕೊಡುವ ಸೂಜಿಗಳನ್ನು ಗಂಡ ಅವಳ ಕೈಗೇ ಚುಚ್ಚಿರುತ್ತಾನೆ. ಸತ್ತಂತಾದ ಆ ಬೆರಳುಗಳಿಂದ ಕಾರಿನ ಬಾಗಿಲು ತೆರೆಯಲು ಅವಳು ಪಡುವ ಪಾಡು ಯಾವ ಗುಂಡಿನ ಕಾಳಗಕ್ಕಿಂತಲೂ ಉಸಿರು ಬಿಗಿಹಿಡಿಸುತ್ತದೆ.

ಹಾಳಾದ ಫಿಲಂ ಕೂಡ ಇದೇ ಸಾಲಿಗೆ ಸೇರುತ್ತದೆ. ಊರೂರು ಸುತ್ತಿ ಸವೆದ ಪ್ರಿಂಟ್‌ನಲ್ಲಿ ಮಳೆ ಸುರಿದಂತೆ ಕಾಣುವ ಗೀರುಗಳನ್ನು ಟೆಂಟ್ ಸಿನಿಮಾ ಕಂಡ ಕನ್ನಡಿಗರೂ ಬಲ್ಲರು. ಡಿಜಿಟಲ್ ಕ್ಯಾಮೆರಾದಲ್ಲಿ ಚೊಕ್ಕಟವಾಗಿ ತೆಗೆದ ಚಿತ್ರಕ್ಕೆ ರೊಡ್ರಿಗೆಜ್ ಅಂಥ ಗೀರು, ಕಲೆ, ಜಿಗಿತಗಳನ್ನು ಬೇಕೆಂದೇ ಸೇರಿಸಿದರು. ಪ್ರಣಯ ದೃಶ್ಯವೊಂದು ಕಾವೇರುತ್ತಿದ್ದಂತೆ ಫಿಲಂ ಸುಟ್ಟು, ರೀಲು ಕಾಣೆಯಾಗಿದೆ ಎಂಬ ಫಲಕ ಬರುತ್ತದೆ. ಮತ್ತೆ ಚಿತ್ರ ಶುರುವಾಗುವಾಗ ಹೋಟೆಲಿಗೆ ಬೆಂಕಿ ಬಿದ್ದಿದೆ, ಎಲ್ಲರೂ ಅಲ್ಲಿ ಸೇರಿದ್ದಾರೆ, ಎಲ್ ರೇಯನ್ನು ಶಂಕಿಸುತ್ತಿದ್ದ ಶೆರೀಫ್ ಈಗ ಅವನ ಗುಟ್ಟು ತಿಳಿದು ಬಂದೂಕು ಕೊಡಿಸುತ್ತಿದ್ದಾನೆ. ಆ ಗುಟ್ಟು ಏನೆಂದು ಪ್ರೇಕ್ಷಕನಿಗೆ ಗೊತ್ತೇ ಆಗುವುದಿಲ್ಲ. ಕಥೆಯ ಬೇಸರದ ಭಾಗವೆಲ್ಲ ಒಂದು ಫಲಕದಲ್ಲಿ ಮುಗಿದುಹೋಯಿತು! ಚಿತ್ರದ ಅತ್ಯಂತ ದಿಟ್ಟ ಕಲ್ಪನೆ ಇದು.

ರಕ್ತದ ಕಸುಬಿಗೂ ವಂಶಾವಳಿಯಿದೆ. ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಆಧುನಿಕ ಜೊಂಬಿ ಚಿತ್ರಕ್ಕೆ ದಾರಿ ಹಾಕಿತು. ಅವರ 1978ರ ‘ಡಾನ್ ಆಫ್ ದಿ ಡೆಡ್’ಗೆ ಗಾಯ, ಕತ್ತರಿಸಿದ ಅಂಗಗಳನ್ನು ರೂಪಿಸಿದವರು ಟಾಮ್ ಸವಿನಿ. ಅದೇ ಸವಿನಿ ಇಲ್ಲಿ ಬೆರಳು ಕಳೆದುಕೊಳ್ಳುವ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿದ್ದಾರೆ. ‘ಪ್ಲಾನೆಟ್ ಟೆರರ್’ನ ಪ್ರಸಾಧನದ ಹೊಣೆ ಹೊತ್ತ ಗ್ರೆಗ್ ನಿಕೊಟೆರೊ ಪಳಗಿದ್ದೂ ಸವಿನಿ ಅವರ ಕೈಕೆಳಗೇ.

ಹಾಗೆಂದು ಎಲ್ಲವೂ ಹಬ್ಬವಲ್ಲ. ಡಕೋಟಾ ತನ್ನ ಪುಟ್ಟ ಮಗನ ಕೈಗೆ ರಕ್ಷಣೆಗೆಂದು ಬಂದೂಕು ಕೊಟ್ಟು ಕಾರಿನಿಂದ ಇಳಿದ ಮರುಕ್ಷಣ ಆ ಮಗು ಅದಕ್ಕೇ ಬಲಿಯಾಗುತ್ತದೆ. ನಗುತ್ತಿದ್ದ ಸಭಾಂಗಣ ಒಮ್ಮೆಲೇ ಮೌನಕ್ಕೆ ಬೀಳುವ ಜಾಗ ಅದು. ಬಂದೂಕುಗಳನ್ನೇ ಮೆರೆಸುವ ಚಿತ್ರ ತನ್ನ ಆಯುಧದ ನಿಜವಾದ ಬೆಲೆಯನ್ನು ಅಲ್ಲಿ ತೋರಿಸಿಬಿಡುತ್ತದೆ. ಅದಿಲ್ಲದಿದ್ದರೆ ಉಳಿದ ಅತಿರೇಕ ಹಗುರಾಗಿ ಹಾರಿಹೋಗುತ್ತಿತ್ತು. ಮಗುವಿನ ಪಾತ್ರದಲ್ಲಿ ಅಭಿನಯಿಸಿದ್ದು ನಿರ್ದೇಶಕರ ಸ್ವಂತ ಮಗ ರೆಬೆಲ್.

ಗಲ್ಲಾಪೆಟ್ಟಿಗೆಯಲ್ಲಿ ‘ಗ್ರೈಂಡ್‌ಹೌಸ್’ ಸೋತಿತು. ಅಮೆರಿಕದಲ್ಲಿ ಬಂದದ್ದು ಸುಮಾರು 2.5 ಕೋಟಿ ಡಾಲರ್, ಹಾಕಿದ ಹಣಕ್ಕಿಂತ ಎಷ್ಟೋ ಕಡಿಮೆ. ಬೇರೆ ದೇಶಗಳಲ್ಲಿ ಎರಡು ಚಿತ್ರಗಳನ್ನೂ ಬಿಡಿಸಿ, ಉದ್ದ ಹೆಚ್ಚಿಸಿ ಬಿಡುಗಡೆ ಮಾಡಿದರು. 1992ರಲ್ಲಿ ತೆರೆಕಂಡ ‘ಎಲ್ ಮರಿಯಾಚಿ’ಯನ್ನು ಕೇವಲ 7,000 ಡಾಲರಿನಲ್ಲಿ ತೆಗೆಯಲು ಔಷಧ ಪ್ರಯೋಗಕ್ಕೆ ತನ್ನ ಮೈಯನ್ನೇ ಒಡ್ಡಿ ಹಣ ಹೊಂದಿಸಿದ್ದ ರೊಡ್ರಿಗೆಜ್ ಅವರನ್ನು ಈ ಸೋಲು ನಿಲ್ಲಿಸಲಿಲ್ಲ. ‘ಪ್ಲಾನೆಟ್ ಟೆರರ್’ಗೆ ಮುಂಚೆ ತೋರಿಸಲೆಂದು ಅವರು, ಇಲ್ಲದ ಚಿತ್ರವೊಂದಕ್ಕೆ ‘ಮಶೆಟೆ’ ಎಂಬ ಹೆಸರಿನ ಸುಳ್ಳು ಟ್ರೇಲರ್ ತಯಾರಿಸಿದ್ದರು. 2010ರಲ್ಲಿ ಅದೇ ಪೂರ್ಣಪ್ರಮಾಣದ ಚಿತ್ರವಾಯಿತು. ಬಹುಕಾಲ ಚಿಕ್ಕಪುಟ್ಟ ಖಳಪಾತ್ರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಡ್ಯಾನಿ ಟ್ರೆಹೊ ಅದರ ನಾಯಕರಾದರು.