ಚಿತ್ರ ಕೆಟ್ಟಿತು, ಫೋಟೊ ಉಳಿಯಿತು

ಬ್ಯಾಂಕಿನಲ್ಲಿ ಹಣ ಇರುವುದು ತಿಜೋರಿಯಲ್ಲಿ, ಎಣಿಸಿ ಕೊಡುವವನು ಕೌಂಟರಿನ ಕ್ಯಾಷಿಯರ್. ಕ್ಯಾಷಿಯರ್ ಕಾಯಿಲೆ ಬಿದ್ದರೆ ತಿಜೋರಿ ಬರಿದಾಗುವುದಿಲ್ಲ. ಲ್ಯಾಪ್‌ಟಾಪಿನಲ್ಲೂ ಹಾಗೆಯೇ. ಫೋಟೊಗಳು ಇರುವುದು ಡಿಸ್ಕಿನಲ್ಲಿ. ಅವನ್ನು ಪರದೆಗೆ ಕಳಿಸುವುದು ಗ್ರಾಫಿಕ್ಸ್ ಚಿಪ್.

ಮೂವತ್ತೈದು ವರ್ಷ ಗುಮಾಸ್ತನಾಗಿದ್ದ ನನಗೆ ಇದು ತಿಳಿದದ್ದು ಕಳೆದ ತಿಂಗಳು. ನಮ್ಮ ಹತ್ತು ವರ್ಷದ ಲ್ಯಾಪ್‌ಟಾಪಿನ ಪರದೆಯಲ್ಲಿ ಬಣ್ಣದ ಗೆರೆಗಳು ಮೂಡಿ, ಎರಡೇ ದಿನದಲ್ಲಿ ಏನೂ ಓದಲಾಗದಂತಾಯಿತು. ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷ. ಅವಳು ಮೊಮ್ಮಗಳಿಗೆ ಕಥೆ ಹೇಳುವ ವಿಡಿಯೊಗಳೆಲ್ಲ ಅದರಲ್ಲೇ ಇದ್ದವು. "ತಾತ, ಅಜ್ಜಿ ಹೋಗಿಬಿಟ್ಟರಾ?" ಎಂದು ಮೊಮ್ಮಗಳು ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ರಿಪೇರಿ ಹುಡುಗ ಮೊದಲು ಲ್ಯಾಪ್‌ಟಾಪಿಗೆ ಬೇರೊಂದು ಮಾನಿಟರ್ ಜೋಡಿಸಿದ. ಅದರಲ್ಲೂ ಅವೇ ಗೆರೆಗಳು. "ಪರದೆ ಚೆನ್ನಾಗಿದೆ ಸರ್, ಗ್ರಾಫಿಕ್ಸ್ ಹೋಗಿದೆ" ಎಂದ.

"ಅದನ್ನೊಂದು ಬದಲಾಯಿಸಪ್ಪ" ಎಂದೆ.

ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಾದರೆ ಕಾರ್ಡು ತೆಗೆದು ಬೇರೆ ಹಾಕಬಹುದಂತೆ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಮಾತ್ರ ಆ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಚಿಪ್ಪಿನ ಅಡಿ ರವೆಯಷ್ಟು ಸಣ್ಣ ಬೆಸುಗೆ ಗುಂಡುಗಳು ನೂರಾರು. ದಿನವೂ ಕಾದು, ಆರಿ, ಹಿಗ್ಗಿ, ಕುಗ್ಗಿ, ವರ್ಷಗಳಾದ ಮೇಲೆ ಚಿಪ್ಪಿನ ಒಳಗೋ ಅಡಿಯಲ್ಲೋ ಕೂದಲೆಳೆಯ ಬಿರುಕು ಬಿಡಬಹುದು.

"ಬಿಸಿಗಾಳಿ ಹಾಯಿಸಿದರೆ ಮತ್ತೆ ಹತ್ತಿಕೊಳ್ಳಬಹುದು ಸರ್, ಸಾವಿರದೈನೂರು ರೂಪಾಯಿ. ಆದರೆ ನಾಲ್ಕು ವಾರವೋ, ನಾಲ್ಕು ತಿಂಗಳೋ, ಹೇಳಲಾರೆ. ಬೋರ್ಡೇ ಬದಲಿಸಿದರೆ ಹನ್ನೊಂದು ಸಾವಿರ."

ಹಳೇ ಸಾಲ ತೀರಿಸಲು ಹೊಸ ಸಾಲ ಕೊಡುವುದನ್ನು ನಾನು ಕಂಡಿದ್ದೇನೆ. ಪುಸ್ತಕದಲ್ಲಿ ಲೆಕ್ಕ ಚೊಕ್ಕ, ಸಾಲ ಮಾತ್ರ ಹಾಗೇ. ಬಿಸಿಗಾಳಿಯ ರಿಪೇರಿಯೂ ಅಂಥದ್ದೇ ಎನಿಸಿತು, ಬೇಡವೆಂದೆ. ಹತ್ತು ವರ್ಷದ ಯಂತ್ರಕ್ಕೆ ಹನ್ನೊಂದು ಸಾವಿರ ಸುರಿಯಲೂ ಮನಸ್ಸು ಬರಲಿಲ್ಲ.

ಹುಡುಗ ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ನನ್ನ ಹೆಂಡತಿ ಪರದೆಯ ಮೇಲೆ ಬಂದು ಕಾಗಕ್ಕ ಗುಬ್ಬಕ್ಕನ ಕಥೆ ಶುರುಮಾಡಿದಳು. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಹುಡುಗ ಪರೀಕ್ಷಿಸಿದ್ದಕ್ಕೆ ಮುನ್ನೂರು ರೂಪಾಯಿ ಮಾತ್ರ ತೆಗೆದುಕೊಂಡ. ಸಾವಿರದೈನೂರು ಕೇಳಿ ಬಿಸಿ ಮಾಡಿ ಕೊಟ್ಟಿದ್ದರೂ ನಾವು ಕೈಮುಗಿದೇ ಬರುತ್ತಿದ್ದೆವು.

ಮಕ್ಕಳೇ, ಇಂಥ ಚಿಪ್ಪನ್ನು ಮನೆಯಲ್ಲಿ ಬಿಸಿಮಾಡಲು ಹೋಗಬೇಡಿ. ಈಗಿನ ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಕೆಟ್ಟ ಹೊಗೆ ಬರುತ್ತದೆ, ಬ್ಯಾಟರಿಗೆ ಬೆಂಕಿಯೂ ಹತ್ತಬಹುದು. ಅದರ ಬದಲು ಈ ಭಾನುವಾರ ಅಜ್ಜ-ಅಜ್ಜಿಯರ ಜೊತೆ ಕೂತು ಮನೆಯ ಫೋಟೊಗಳಿಗೆ ಇನ್ನೊಂದು ಪ್ರತಿ ಮಾಡಿಡಿ. ಇವರು ಯಾರು, ಇದು ಯಾವ ಊರು ಎಂದು ಅವರನ್ನೇ ಕೇಳಿ ಬರೆದಿಡಿ. ಆ ಉತ್ತರಗಳು ಯಾವ ಡಿಸ್ಕಿನಲ್ಲೂ ಇರುವುದಿಲ್ಲ.