ಕಡಲಾಳದಲ್ಲಿ ಕಂಡ ಮಹಾಮತ್ಸ್ಯ

ಮೈಸೂರು ಸೀಮೆಯವರಾದ ನಮಗೆ ನೀರೆಂದರೆ ಕಾವೇರಿ, ಕಪಿಲೆ. ಹೆಚ್ಚೆಂದರೆ ಕಾರಂಜಿ ಕೆರೆ. ಕಡಲಿಗೆ ದಡದಲ್ಲಿಯೇ ನಿಂತು ಕೈಮುಗಿದು ಹಿಂದಿರುಗುವವರು ನಾವು. ಅರವತ್ತು ದಾಟಿದ ನಾನು ಅದರ ಒಳಗಿಳಿದೆನೆಂದರೆ ಓದುಗ ಬಂಧುಗಳು ನಕ್ಕಾರು. ಇದು ಸಾಹಸದ ವರದಿಯಲ್ಲ. ಅಲ್ಲಿ ಅರಿತ ಎರಡು ಸಂಗತಿಗಳ ನಿವೇದನೆ.

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ದ್ವೀಪವಿದೆ. ಅದರ ಸುತ್ತಲೂ ಹವಳಗಳು ಬೆಳೆದಿವೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಅಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ತಮ್ಮನ ಮಗನ ಒತ್ತಾಯಕ್ಕೆ, ವೈದ್ಯರ ಪ್ರಮಾಣಪತ್ರ ಪಡೆದು, ನಾನೂ ಹೊರಟೆ.

ಬಾಲ್ಯದಲ್ಲಿ ಮಠದ ಗುರುಗಳು ಕಲಿಸಿದ ಪೂರಕ, ಕುಂಭಕ, ರೇಚಕಗಳ ಅಭ್ಯಾಸ ನನಗೆ ಇಂದಿಗೂ ಉಂಟು. ಅದನ್ನು ತಿಳಿಸಿದೊಡನೆ ತರಬೇತಿಯ ಯುವಕ, "ಗುರುಗಳೇ, ನೀರಿನೊಳಗೆ ಮಾತ್ರ ಕುಂಭಕ ಬೇಡ" ಎಂದ. ಕಾರಣವನ್ನೂ ವಿವರಿಸಿದ. 10 ಮೀಟರು ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಇಮ್ಮಡಿ. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು. ಆದ್ದರಿಂದ ಉಸಿರಾಟ ಎಡೆಬಿಡದೆ ಸಾಗುತ್ತಿರಬೇಕು. ಐವತ್ತು ವರ್ಷಗಳ ರೂಢಿಯನ್ನು ಗಳಿಗೆಯಲ್ಲಿ ಬದಿಗಿಡುವುದು ಸುಲಭವಾಗಿರಲಿಲ್ಲ.

ಬಂಡೆಯ ಬಳಿ ಕಡಲಾಮೆಯೊಂದನ್ನು ನೋಡುತ್ತಿದ್ದಾಗ ಯುವಕ ನನ್ನ ಭುಜ ಮುಟ್ಟಿದ. ತಿರುಗಿದರೆ, ಎರಡು ಎತ್ತಿನ ಗಾಡಿಗಳು ಸಾಲಾಗಿ ನಿಂತಷ್ಟು ಉದ್ದದ ಒಂದು ಜೀವ! ಬೂದುಬಣ್ಣದ ಮೈತುಂಬ ಬಿಳಿಯ ಚುಕ್ಕೆಗಳು. ಅದು ತಿಮಿಂಗಿಲ ಶಾರ್ಕ್. ಅಲ್ಲಿಗೆ ಹೋದವರಿಗೆಲ್ಲ ಕಾಣಸಿಗುವಂಥದಲ್ಲ. ಭಯಕ್ಕೋ ಬೆರಗಿಗೋ ಉಸಿರು ನಿಲ್ಲಲು ಹವಣಿಸಿತು. ಯುವಕನ ಮಾತು ನೆನಪಾಗಿ ಮೆಲ್ಲನೆ ಹೊರಬಿಟ್ಟೆ. ಗುಳ್ಳೆಗಳು ಮೇಲೇರಿದವು. ಆ ಮಹಾಕಾಯ ನಮ್ಮನ್ನು ಗಣಿಸದೆ ನಿಧಾನವಾಗಿ ಸಾಗಿಹೋಯಿತು.

ತಿಮಿಯೆಂಬ ದೊಡ್ಡ ಮೀನನ್ನೂ ನುಂಗುವುದು ತಿಮಿಂಗಿಲವೆಂದು ಆ ಪದದ ನಿಷ್ಪತ್ತಿ. ಈ ಜೀವಿಯಾದರೋ ಮೀನುಗಳಲ್ಲೆಲ್ಲ ದೊಡ್ಡದು. 12 ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಆದರೆ ಅದರ ಮುಖ್ಯ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಪುಟ್ಟ ಮೀನುಗಳು. ಮನುಷ್ಯನಿಗೆ ಅದರಿಂದ ಕೇಡಿಲ್ಲ; ಕೇಡು ಬಗೆದವನು ಮನುಷ್ಯನೇ.

ಗುಜರಾತಿನ ಸೌರಾಷ್ಟ್ರ ತೀರದಲ್ಲಿ ಒಂದು ಕಾಲಕ್ಕೆ ಯಕೃತ್ತಿನ ಎಣ್ಣೆಗಾಗಿ, ಮಾಂಸಕ್ಕಾಗಿ ಇವನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. 2004ರಲ್ಲಿ ಆರಂಭವಾದ ಆಂದೋಲನದಲ್ಲಿ ರಾಮಕಥಾ ಪ್ರವಚನಕಾರ ಮುರಾರಿ ಬಾಪು ಅದನ್ನು 'ವ್ಹಾಲಿ', ಅಂದರೆ ಅಕ್ಕರೆಯವಳು ಎಂದು ಕರೆದು, ತವರಿಗೆ ಹೆರಿಗೆಗೆ ಬರುವ ಮಗಳಿಗೆ ಹೋಲಿಸಿದರು. ಬೇಟೆಯಾಡುತ್ತಿದ್ದ ಬೆಸ್ತರೇ ತಮ್ಮ ಬೆಲೆಬಾಳುವ ಬಲೆಗಳನ್ನು ಕತ್ತರಿಸಿ ಅವನ್ನು ಕಡಲಿಗೆ ಬಿಡತೊಡಗಿದರು. ಬಲೆಯ ನಷ್ಟಕ್ಕೆ ಸರ್ಕಾರ ಪರಿಹಾರವನ್ನೂ ನೀಡಿತು.

ನಮ್ಮ ಕರಾವಳಿಯ ಬಲೆಗಳಿಗೂ ಈ ಮೀನು ಆಗಾಗ ಸಿಲುಕುವುದುಂಟು. ಕನ್ನಡದಲ್ಲಿಯೂ ಅದಕ್ಕೊಂದು ಅಕ್ಕರೆಯ ಹೆಸರಿರಲಿ ಎಂಬುದು ನನ್ನ ಆಸೆ. ಓದುಗರ ಮನೆಯ ಮಕ್ಕಳು ಯೋಚಿಸಿ ಬರೆದು ಕಳಿಸಿದರೆ ಸಂತೋಷದಿಂದ ಓದುವೆನು.