ಹೆಸರಿಲ್ಲದ ತಾಳ

ಲಾಸ್ ಏಂಜಲೀಸ್ ನಗರದ ಧ್ವನಿಮುದ್ರಣ ಮಂದಿರಗಳಲ್ಲಿ 1960ರ ದಶಕದಲ್ಲಿ ಡ್ರಮ್ ನುಡಿಸುತ್ತಿದ್ದ ಹ್ಯಾಲ್ ಬ್ಲೇನ್ ಒಂದು ರಬ್ಬರ್ ಮೊಹರನ್ನು ಇಟ್ಟುಕೊಂಡಿದ್ದ. ಕೆಲಸ ಮುಗಿದೊಡನೆ ಸ್ವರಪತ್ರದ ಮೇಲೆ ಅದನ್ನು ಒತ್ತಿಬಿಡುವನು: ಹ್ಯಾಲ್ ಬ್ಲೇನ್ ಮತ್ತೊಮ್ಮೆ ಬಾರಿಸಿದ್ದಾನೆ! ಹುಡುಗಾಟವೆಂದು ನಕ್ಕು ಮರೆಯಬಹುದು. ಆದರೆ ಗ್ರಾಮಫೋನ್ ತಟ್ಟೆಯ ಹೊದಿಕೆಯಲ್ಲಿ ತನ್ನ ಹೆಸರು ಅಚ್ಚಾಗದೆಂದು ಬಲ್ಲವನಿಗೆ ಬೇರೆ ರುಜು ಯಾವುದಿತ್ತು?

1929ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಹೋಲಿಯೋಕ್ ಪಟ್ಟಣದಲ್ಲಿ ಹುಟ್ಟಿದ ಆತ ಷಿಕಾಗೋವಿನಲ್ಲಿ ಹಗಲು ವಿದ್ಯಾರ್ಥಿ, ಇರುಳು ಕ್ಲಬ್ಬುಗಳ ವಾದಕ. ಟಾಮಿ ಸ್ಯಾಂಡ್ಸ್ ಎಂಬ ಗಾಯಕನೊಡನೆ ಊರೂರು ಅಲೆದು, ಕಡೆಗೆ ಮುದ್ರಣಮಂದಿರಗಳ ಕಸುಬಿಗೆ ನೆಲೆನಿಂತ. ಫ್ರಾಂಕ್ ಸಿನಾತ್ರನ ನಯಕ್ಕೂ ಬೀಚ್ ಬಾಯ್ಸ್ ತಂಡದ ಹುರುಪಿಗೂ ಒಂದೇ ಕೈ. 1965ರಲ್ಲಿ ಬರ್ಡ್ಸ್ ತಂಡದ ಮೊದಲ ಜನಪ್ರಿಯ ಗೀತೆ ಹೊರಬಂದಾಗ, ಚಿತ್ರಗಳಲ್ಲಿ ಕಾಣುತ್ತಿದ್ದ ಡ್ರಮ್ ವಾದಕ ಬೇರೆ, ತಟ್ಟೆಯಲ್ಲಿ ಕೇಳಿಬಂದವನು ಬೇರೆ. ಕಚೇರಿಯ ಆಮಂತ್ರಣದಲ್ಲಿ ಪಕ್ಕವಾದ್ಯದವರ ಹೆಸರನ್ನೂ ಓದಿ ರೂಢಿಯಾದವರಿಗೆ ಇದು ವಿಚಿತ್ರವೆನಿಸೀತು.

1963ರಲ್ಲಿ ರಾನೆಟ್ಸ್ ತಂಡ ಹಾಡಿದ ‘ಬಿ ಮೈ ಬೇಬಿ’ ಗೀತೆಯ ಆರಂಭವನ್ನು ಕೇಳಬೇಕು. ದೊಡ್ಡ ಡ್ರಮ್ಮಿನ ಮೇಲೆ ಮೂರು ಪೆಟ್ಟು, ಬಳಿಕ ಚಿಕ್ಕದರ ಮೇಲೆ ಒಂದೇ ಒಂದು. ವಾಡಿಕೆಯಂತೆ ಚಿಕ್ಕ ಡ್ರಮ್ ಎರಡನೆಯ ಮಾತ್ರೆಯಲ್ಲಿಯೂ ನುಡಿಯಬೇಕು. ಕಡ್ಡಿ ತಪ್ಪಿತು, ಅದೇ ತಪ್ಪನ್ನು ಮುಂದುವರಿಸಿದೆ ಎಂದು ಬ್ಲೇನನೇ ಹೇಳಿಕೊಂಡ. ತಪ್ಪನ್ನು ತಪ್ಪದೆ ಮಾಡಲು ಸಾಮಾನ್ಯ ಧೈರ್ಯ ಸಾಲದು! ಮುಂದಿನ ಎಷ್ಟೋ ವಾದಕರು ಆ ನಡೆಯನ್ನು ಎರವಲು ಪಡೆದರು.

ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ ‘ದಿ ಬಾಕ್ಸರ್’ ಗೀತೆಗೆ ನ್ಯೂಯಾರ್ಕಿನ ಮುದ್ರಣಮಂದಿರದ ಹೊರಗೆ, ಲಿಫ್ಟಿನ ಬಾಗಿಲೆದುರಿಗೆ ಡ್ರಮ್ಮುಗಳನ್ನಿರಿಸಿ ಸಿಡಿಲಿನಂತಹ ಪೆಟ್ಟನ್ನು ಸೆರೆಹಿಡಿದರು. ಒಮ್ಮೆ ಲಿಫ್ಟಿನಿಂದ ಹೊರಬಂದ ಮುದಿ ಕಾವಲುಗಾರನೊಬ್ಬ ಆ ಸದ್ದಿಗೆ ಬೆಚ್ಚಿಬಿದ್ದನಂತೆ. 1966ರಿಂದ 1971ರವರೆಗೆ, ವರ್ಷದ ಶ್ರೇಷ್ಠ ಧ್ವನಿಮುದ್ರಣವೆಂದು ಗ್ರ್ಯಾಮಿ ಪ್ರಶಸ್ತಿ ಪಡೆದ ಆರು ಗೀತೆಗಳಲ್ಲಿಯೂ ಡ್ರಮ್ ಬ್ಲೇನನದೇ. ಪ್ರಶಸ್ತಿಯನ್ನು ಕೊಂಡೊಯ್ದವರು ಮಾತ್ರ ಬೇರೆಯವರು.

1970ರ ದಶಕದಲ್ಲಿ ಜಾನ್ ಡೆನ್ವರನೊಡನೆ ಮತ್ತೆ ಸಂಚಾರ. ಅಷ್ಟರಲ್ಲಿ ಕಾಲ ಹೊರಳಿತ್ತು. ತಂಡಗಳು ತಮ್ಮ ವಾದ್ಯಗಳನ್ನು ತಾವೇ ನುಡಿಸತೊಡಗಿದವು. ತಾಳ ಹಾಕಲು ಯಂತ್ರಗಳೂ ಬಂದವು. ವಿವಾಹವಿಚ್ಛೇದನದಲ್ಲಿ ಗಳಿಸಿದ್ದೆಲ್ಲ ಕರಗಿ, ಆರಿಜೋನದಲ್ಲಿ ಕೆಲಕಾಲ ಆತನೇ ಕಾವಲುಗಾರನ ಸಮವಸ್ತ್ರ ತೊಟ್ಟ.

2000ನೆಯ ವರ್ಷದಲ್ಲಿ ಅಮೆರಿಕದ ರಾಕ್ ಸಂಗೀತದ ಕೀರ್ತಿಮಂದಿರ ಪಕ್ಕವಾದ್ಯದವರಿಗೆಂದು ಮೊದಲ ಬಾರಿ ಒಂದು ಸಾಲನ್ನು ತೆರೆದು, ಬ್ಲೇನನ ಹೆಸರನ್ನು ಅಲ್ಲಿ ಬರೆಯಿತು. ಆಗ ಆತನಿಗೆ 71 ವರ್ಷ.